ಕೊಳವೆ ಕಾಯುವವಳು

ಮೂವತ್ತು ವರ್ಷ ಅವನು ಕೆಳಗೆ, ನಾನು ಮೇಲೆ.
ಚಿಲೊಯೆ ದ್ವೀಪದ ತೆಂಕಣ ತುದಿ, ಕೆಯೋನಿನ ಕೊಲ್ಲಿ,
ಕಂಪ್ರೆಸರಿನ ಗುಡುಗುಡು ಪಕ್ಕ ಕೂತು
ಹಳದಿ ಕೊಳವೆಯನ್ನು ಬೆರಳ ಸಂದಿನಿಂದ ಬಿಡುತ್ತಿದ್ದೆ,
ಮಗ್ಗದವಳು ನೂಲು ಬಿಡುವ ಹಾಗೆ.
ಅದರ ತುದಿಯಲ್ಲಿ, ಹನ್ನೆರಡು ಮಾರು ಆಳದಲ್ಲಿ,
ನನ್ನ ಗಂಡ ಎಲಾದಿಯೊ ಗಿನೆಯೊ
ಬಂಡೆಗಂಟಿದ ಮುಳ್ಳುಚೆಂಡುಗಳನ್ನು ಬಿಡಿಸುತ್ತಿದ್ದ.

ಹಗ್ಗಕ್ಕೊಂದು ಭಾಷೆ.
ಒಂದು ಸಲ ಎಳೆದರೆ: ಇದ್ದೀಯಾ? ಇದ್ದೇನೆ.
ಎರಡು: ಇನ್ನಷ್ಟು ಕೊಳವೆ ಬಿಡು.
ನಾಲ್ಕು: ಒತಿಲಿಯಾ, ಈಗಲೇ ಎಳೆ.
ನಾಲ್ಕು ಬಂದದ್ದು ಎರಡೇ ಸಲ. ಅದರ ಸುದ್ದಿ ಬೇಡ.

ಮೊಣಕಾಲು ಕೆಟ್ಟ ಮೇಲೆ ದೋಣಿ ಮಾರಿದೆವು.
ಇನ್ನು ಅವನ ಉಸಿರಿನ ಲೆಕ್ಕ ನನ್ನದಲ್ಲ ಅಂದುಕೊಂಡೆ.
ಆಮೇಲೆ ಶುರುವಾಯಿತು ನೋಡಿ, ರಾತ್ರಿಯ ಕಸುಬು.

ಗೊರಕೆ ದೊಡ್ಡ ಮಾತಲ್ಲ,
ಗೊರಕೆಗೆ ಹೆದರುವ ಹೆಂಗಸು ಮದುವೆಯಾಗಬಾರದು.
ಹೆದರಿಸಿದ್ದು ಗೊರಕೆ ನಿಂತ ಮೇಲಿನ ಜಾಗ.
ಎದೆ ಏಳುತ್ತದೆ, ಹೊಟ್ಟೆ ತಿದಿಯ ಹಾಗೆ ಒದ್ದಾಡುತ್ತದೆ,
ಗಾಳಿ ಮಾತ್ರ ಒಳಗೂ ಇಲ್ಲ, ಹೊರಗೂ ಇಲ್ಲ.
ಹತ್ತು. ಹದಿನೈದು. ಇಪ್ಪತ್ತೆಂಟು.
ಕತ್ತಲಲ್ಲಿ ಅವನ ಅಂಗಿಯ ತೋಳು ಹಿಡಿದು
ಒಂದು ಸಲ ಎಳೆಯುತ್ತಿದ್ದೆ.
ನೀರೊಡೆದು ಮೇಲೆ ಬಂದವನ ಹಾಗೆ ಬಾಯ್ದೆರೆದು,
ಕಣ್ಣು ತೆರೆಯದೆ, ಮತ್ತೆ ಮುಳುಗುತ್ತಿದ್ದ.
ಬೆಳಿಗ್ಗೆ ಏನೂ ನೆನಪಿಲ್ಲ; ತಲೆನೋವೊಂದೇ ಸಾಕ್ಷಿ.
ಚಮಚ ಬಾಯಿಗೆ ಹೋಗುವ ದಾರಿಯಲ್ಲೇ ನಿದ್ದೆ.
ಪಾದ್ರಿಯ ಎದುರೂ ನಿದ್ದೆ. ಅದಕ್ಕೆ ಕಾಯಿಲೆ ಬೇಕಿಲ್ಲ, ಇರಲಿ.

ಕಾಸ್ತ್ರೋದ ಆಸ್ಪತ್ರೆಯಲ್ಲಿ ಹುಡುಗಿಯಂಥ ಡಾಕ್ಟರು
ಮೈತುಂಬ ತಂತಿ ಅಂಟಿಸಿ ಒಂದು ರಾತ್ರಿ ಮಲಗಿಸಿಕೊಂಡು
ಹೇಳಿದಳು: ಗಂಟೆಗೆ ನಲವತ್ತೊಂದು ಸಲ.
ನಾನು ಹೇಳಿದೆ: ಗೊತ್ತು.
ಮಲಗಿದರೆ ಗಂಟಲು ಒದ್ದೆ ಚೀಲದಂತೆ ಮಡಚಿಕೊಳ್ಳುತ್ತದೆ,
ಅದಕ್ಕೆ ಈ ಯಂತ್ರ, ಗಾಳಿಯದೇ ಊರುಗೋಲು.
ಆದರೆ ಕೆಳಗೆ, ಎದೆಯಾಳದ ಕವಲು ಕವಲು ದಾರಿಗಳಲ್ಲಿ
ಹೊಗೆ ಕೂತಿದೆ. ಅದು ಯಂತ್ರಕ್ಕೆ ಬಗ್ಗುವುದಿಲ್ಲ.
ದಿನಕ್ಕೆ ಎಷ್ಟು ಸಿಗರೇಟು?

ಅವನು ಒಂದನ್ನೂ ಸೇದಿದವನಲ್ಲ.
ನನಗೆ ಅರ್ಥವಾಯಿತು. ಸುಮ್ಮನಿದ್ದೆ.
ಕಂಪ್ರೆಸರು ಗಾಳಿ ಎಳೆಯುವ ಮೂತಿಗೂ
ಎಂಜಿನ್ನಿನ ಹೊಗೆಬಾಯಿಗೂ ಎರಡು ಗೇಣು.
ಗಾಳಿ ತಿರುಗಿದ ದಿನಗಳಲ್ಲಿ
ಉಸಿರಿನ ಜೊತೆ ಅದನ್ನೂ ಕಳಿಸಿದವಳು ನಾನೇ, ಕೈಯಾರೆ.
ಮನೆಯಲ್ಲಿ ಹಸಿ ಸೌದೆಯ ಒಲೆ. ಹಚ್ಚಿದವಳೂ ನಾನೇ.

ಈಗ ಮಂಚದ ಪಕ್ಕ ರೊಟ್ಟಿ ಡಬ್ಬಿಯಷ್ಟು ಪೆಟ್ಟಿಗೆ,
ಮೂಗಿಗೆ ರಬ್ಬರಿನ ಮುಸುಕು, ತಲೆಗೆ ಪಟ್ಟಿ.
ಮೊದಲ ರಾತ್ರಿ ಕಿತ್ತೆಸೆದ. ಎರಡನೆಯ ರಾತ್ರಿಯೂ.
ಮೂರನೆಯ ರಾತ್ರಿ ಹೇಳಿದೆ:
ಕಡಲಲ್ಲಿ ಕಚ್ಚಿಕೊಂಡಿದ್ದೆಯಲ್ಲ, ಅದೂ ರಬ್ಬರೇ.
ಮೇಲೆ ನಾನಿದ್ದೇನೆ.
ಬಹಳ ಹೊತ್ತು ಸೂರು ನೋಡಿ
ಪಟ್ಟಿ ತಾನೇ ಬಿಗಿದುಕೊಂಡ.

ದಿನಾ ಬೆಳಿಗ್ಗೆ ಸೋಪಿನ ನೀರಲ್ಲಿ ಕೊಳವೆ ತೊಳೆಯುತ್ತೇನೆ,
ಪೆಟ್ಟಿಗೆಯ ತೊಟ್ಟಿಗೆ ಬಟ್ಟಿಯಿಳಿಸಿದ ನೀರು, ನಿನ್ನೆಯದು ಚೆಲ್ಲಿ;
ಪಾಚಿಗಟ್ಟಿದ ಕೊಳವೆ ಏನು ಮಾಡುತ್ತದೆಂದು
ದೋಣಿಯವಳಿಗೆ ಯಾರೂ ಕಲಿಸಬೇಕಿಲ್ಲ.
ಒಣಹಾಕುವುದು ಒಲೆಯ ಮೇಲಲ್ಲ, ಕಿಟಕಿಗೆ.
ಸೌದೆಯೂ ಈಗ ಎರಡು ಬೇಸಿಗೆ ಒಣಗಿದ್ದು, ದುಬಾರಿ.
ಕೆಮ್ಮು ಕಡಿಮೆಯಾಗಿದೆ, ಹೋಗಿಲ್ಲ.

ಈಗ ಕಷ್ಟ ನನ್ನದು: ಎಣಿಸಲು ಏನೂ ಇಲ್ಲ.
ಮೂರು ಗಂಟೆಗೆ ಎಚ್ಚರವಾಗಿ
ಕೊಳವೆಯನ್ನು ಬೆರಳ ಸಂದಿನಲ್ಲಿ ಹಿಡಿದು ಕೂರುತ್ತೇನೆ.
ಒಳಗೆ ಬೆಚ್ಚನೆಯದೇನೋ ಓಡುತ್ತಿರುತ್ತದೆ.

ಆಗಸ್ಟಿನ ಚಳಿಯಲ್ಲಿ ಬಿರುಗಾಳಿಗೆ ಕಂಬ ಬಿದ್ದು ಕರೆಂಟು ಹೋಯಿತು.
ಯಂತ್ರ ಸುಮ್ಮನಾದ ಸದ್ದಿಗೇ ಎದ್ದೆ.
ಮುಸುಕು ತೆಗೆದೆ, ಮಗ್ಗುಲಾಗಿಸಿದೆ,
ತಡಕಾಡಿ ಅಂಗಿಯ ತೋಳು ಹುಡುಕಿ
ಒಂದು ಸಲ ಎಳೆದೆ.

ಎಚ್ಚರವಿದ್ದನೋ ಇಲ್ಲವೋ, ಈಗಲೂ ಹೇಳುವುದಿಲ್ಲ.
ನನ್ನ ಶಾಲಿನ ಅಂಚನ್ನು ಹಿಡಿದು ಎಳೆದ,
ಒಂದಲ್ಲ, ಎರಡು ಸಲ.

ಬಿಡಲು ನನ್ನ ಬಳಿ ಕೊಳವೆ ಎಲ್ಲಿತ್ತು?
ಹತ್ತಿರ ಸರಿದು ಕೂತೆ.
ಬೆಳಗಾಗುವವರೆಗೆ ಎಣಿಸಿದೆ.